ಕುಂಟೆಬಿಲ್ಲೆಯಲ್ಲಿ ಕಲಿತ ಸ್ಪ್ಯಾನಿಷ್

ಮೊನ್ನೆ ಕಿತ್ತಳೆ ಸುಲಿಯುವಾಗ ಸಿಪ್ಪೆಯ ರಸ ಕಣ್ಣಿಗೆ ಸಿಡಿಯಿತು. ಆ ಘಾಟಿನ ಜೊತೆಗೇ ನಮ್ಮ ಸಿಸ್ಟರ್ ಬಂದುಬಿಟ್ಟರು... ಜೇಬಿನಲ್ಲಿ ಒಣಗಿದ ಕಿತ್ತಳೆ ಸಿಪ್ಪೆ ಇಟ್ಟುಕೊಂಡೇ ಓಡಾಡುತ್ತಿದ್ದ, ಸ್ಪೇನ್ ದೇಶದ ಸಿಸ್ಟರ್.

ಮೂವತ್ತರ ದಶಕದ ಕೊನೆ. ನಾನು ಕೋಲಾರದ ಕಾನ್ವೆಂಟಿನಲ್ಲಿ ಬೋರ್ಡರ್, ಅಲ್ಲೇ ಉಳಿದು ಓದುತ್ತಿದ್ದವಳು. ಸಿಸ್ಟರ್ ಕಲಿಸಬೇಕಿದ್ದದ್ದು ಹೊಲಿಗೆ. ಹೊಲಿಸುತ್ತಲೇ ತಮ್ಮ ಭಾಷೆಯನ್ನೂ ಕಲಿಸುತ್ತಿದ್ದರು. ‘ಕಾಂತರೀಆ’ ಎಂದರೆ ‘ಹಾಡಿಯೇನು’. ಕಾನ್-ತಾ-ರೀ-ಆ ಎಂದು ಬಿಡಿಸಬೇಕು, ಸ್ಟ್ರೆಸ್ ಎಲ್ಲ ‘ರೀ’ ಮೇಲೆ. ನಮ್ಮ ಬಾಯಿಗೋ ಎಲ್ಲ ಅಕ್ಷರವೂ ಒಂದೇ ತೂಕ. ಕೊನೆಯವೆರಡನ್ನು ಬೆಸೆದು ‘ಕಾಂತರ್ಯ’ ಎನ್ನುತ್ತಿದ್ದೆವು. ಸಿಸ್ಟರ್ ತಲೆ ಹಿಡಿದುಕೊಳ್ಳುತ್ತಿದ್ದರು.

ಒಂದು ಸಂಜೆ ನಾವು ಕುಂಟೆಬಿಲ್ಲೆ ಆಡುವುದನ್ನು ಕಂಡರು. ಅಷ್ಟೇ! ಮರುದಿನದಿಂದ ಪಾಠವೆಲ್ಲ ಸೀಮೆಸುಣ್ಣದ ಮನೆಗಳಲ್ಲಿ. ‘ಕಾನ್’ ಒಂಟಿಕಾಲು, ‘ತಾ’ ಒಂಟಿಕಾಲು, ‘ರೀ’ಗೆ ಎರಡೂ ಕಾಲು ಧೊಪ್ಪೆಂದು, ‘ಆ’ಗೆ ಬೇರೆಯೇ ಮನೆ, ಮತ್ತೆ ಒಂಟಿಕಾಲು. ‘ಎಸ್-ಕ್ರಿ-ಬಿ-ರೀ-ಆ’, ಅಂದರೆ ‘ಬರೆದೇನು’ ಎನ್ನಲು ಒಂದು ಮನೆ ಹೆಚ್ಚು ಬರೆಯಬೇಕಿತ್ತು.

ಯಾರೋ ದೂರು ಕೊಟ್ಟರು. ಡಿಸಿಪ್ಲಿನ್ ಇಲ್ಲ, ಹುಡುಗಿಯರು ಲಂಗ ಎತ್ತಿಕಟ್ಟಿ ಕುಪ್ಪಳಿಸುತ್ತಾರೆ ಎಂದು. ಸ್ಪೇನಿನವರೇ ಆದ ದೊಡ್ಡ ಮದರ್ ವಿಚಾರಣೆಗೆ ಬಂದರು. ಇದು ಪಾಠವಲ್ಲ, ಬರೀ ಆಟ ಎನಿಸಿದರೆ ಸಿಸ್ಟರಿಗೆ ಬೇರೆ ಊರು. ನಮಗೆಲ್ಲ ಅಳುವೇ ಬಂದಿತ್ತು.

ಕಲಿತದ್ದನ್ನು ಸ್ಪ್ಯಾನಿಷಿನಲ್ಲಿ ಹೇಳು ಎಂದು ಮದರ್ ನನ್ನನ್ನೇ ಎಬ್ಬಿಸಿದರು. ನೆಟ್ಟಗೆ ನಿಂತೆ. ಬಾಯಿ ಕಟ್ಟಿಹೋಯಿತು... ಹಿಂದಿನಿಂದ ರಾಯಲ್ಪಾಡಿನ ಗೆಳತಿ ಪಿಸುಗುಟ್ಟಿದಳು. ಅವಳ ಪಿಸುಮಾತು ಬೀದಿಗೂ ಕೇಳುತ್ತಿತ್ತು.

“ಎಗರವೇ! ಕಂಬದ ಥರ ನಿಂತ್ಕಂಡ್ರೆ ಎಲ್ಲಿಂದ ಬರ್ತದೆ? ಎಗರು ಕಣೇ!”

ಎಗರಿದೆ. ಇಲ್ಲದ ಮನೆಗಳೊಳಗೆ, ಬರಿಯ ಚಪ್ಪಡಿ ಕಲ್ಲಿನ ಮೇಲೆ. ಹಾಡಿಯೇನು, ಕುಣಿದೇನು, ತಿಂದೇನು... ಒಂದೂ ತಪ್ಪಲಿಲ್ಲ. ಖುಷಿ ತಡೆಯಲಾರದೆ ಸಿಸ್ಟರ್ ಕೂಡ ನಿಲುವಂಗಿ ಹಿಡಿದುಕೊಂಡು ಪಕ್ಕದಲ್ಲೇ ಧೊಪ್ಪೆಂದರು! ಮದರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕು ನಕ್ಕು ನೀರು ಬಂದಿತ್ತು.

“ಇವರು ಇಲ್ಲೇ ಇರಲಿ,” ಎಂದು ಇಂಗ್ಲಿಷಿನಲ್ಲಿ ಹೇಳಿದರು. “ಬೇರೆ ಕಾನ್ವೆಂಟುಗಳ ನೆಲ ಇಷ್ಟು ಸ್ಟ್ರಾಂಗ್ ಇಲ್ಲ.”

ಹೀಗೆ ಸಿಸ್ಟರ್ ನಮಗೇ ಉಳಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಊರಿಗೆಂದು ಹಡಗು ಹತ್ತಿದರು. ಆಮೇಲೆ ಸುದ್ದಿಯೇ ಇಲ್ಲ... ರಾಯಲ್ಪಾಡಿನವಳೂ ಹೋದ ವರ್ಷ ತೀರಿಕೊಂಡಳು.

ಇವತ್ತು ಮೊಮ್ಮಗಳಿಗೆ ತೋರಿಸೋಣವೆಂದು ಎದ್ದೆ. ಮಂಡಿ ಕೇಳಲಿಲ್ಲ. ಕೂತಲ್ಲೇ ಒಂದು ಸಲ ‘ಕಾಂತರೀಆ’ ಎಂದು ಹೇಳಿದೆ, ಬಹುಶಃ ತಪ್ಪಾಗಿಯೇ. ತಿದ್ದುವವರು ಯಾರೂ ಇರಲಿಲ್ಲ.