ಎಂಟರ್ ಒತ್ತುವ ಮುನ್ನ ಓದಿಸುವ ಅಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಅಕ್ಕ ಪೊರಕೆ ಮೂಲೆಗಿಟ್ಟು, ಕೈ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂರುತ್ತಾರೆ. ಪಕ್ಕದ ಸ್ಟೂಲಿನಲ್ಲಿ ಕಿವುಡ ಮಕ್ಕಳ ಶಾಲೆಯ ಟೀಚರ್. ಅವರಿಗೂ ಕಿವಿ ಕೇಳಿಸದು, ಮಾತು ಬಾರದು. ಮೂರು ವರ್ಷ ಕೂತು ಚಿತ್ರೀಕರಿಸಿದ ಸನ್ನೆಪಾಠಗಳೆಲ್ಲ ಅವರ ಕೈಲಿರುವ ಒಂದೇ ಹಾರ್ಡ್ ಡ್ರೈವಿನಲ್ಲಿವೆ. ಹತ್ತಕ್ಕೆ ತರಗತಿ. ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿದೆ. ಯಾರೋ ದಾನ ಕೊಟ್ಟ, ವಿಂಡೋಸ್ ಬದಲು ಲಿನಕ್ಸ್ ಇರುವ ಈ ಲ್ಯಾಪ್‌ಟಾಪ್ ಆನ್ ಮಾಡಿದರೆ ಪರದೆ ಕಪ್ಪು.

ಅಕ್ಕ ಇಲ್ಲಿ ಕಸ ಗುಡಿಸಲು ಸೇರಿ ಹದಿನಾಲ್ಕು ವರ್ಷವಾಯಿತು. ಗುಜರಿಗೆ ಹೊರಟಿದ್ದ ಆರು ಕಂಪ್ಯೂಟರುಗಳನ್ನು ಕೇಳಿ ಇಟ್ಟುಕೊಂಡು, ಕಪಾಟಿನ ಪುಸ್ತಕಗಳನ್ನೇ ಓದಿ ರಿಪೇರಿ ಕಲಿತರು. ಈಗ ವಾರಕ್ಕೆ ಐದಾರು ಲ್ಯಾಪ್‌ಟಾಪ್ ಇವರ ಮೇಜಿಗೆ ಬರುತ್ತವೆ. ಅಕ್ಕನ ಎಡಗಣ್ಣು ಹುಟ್ಟಿನಿಂದಲೇ ಮಂಜು, ಬಲಗಣ್ಣಿಗೆ ಈಚೆಗೆ ಪೊರೆ.

ಮೊದಲು ಪರದೆಯ ಸರದಿ. ಬರೀ ಅಕ್ಷರ ಕಾಣುವ ರಿಪೇರಿ ಮೋಡಿಗೆ ಹೋಗಿ, ಪರದೆ ನಡೆಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರ್ ಹೊಂದದ್ದನ್ನು ಕಿತ್ತು ಹೊಂದುವುದನ್ನು ಹಾಕುತ್ತಾರೆ. ಇಪ್ಪತ್ತು ನಿಮಿಷಕ್ಕೆ ಚಿತ್ರ ಮೂಡುತ್ತದೆ. ಡ್ರೈವ್ ಸಿಕ್ಕಿಸಿದರೆ ಮಾತ್ರ ‘ಅನುಮತಿ ಇಲ್ಲ’ ಎಂಬ ಒಂದೇ ಹಟ.

“ಫೈಲುಗಳ ಮೇಲೆ ಹಳೇ ಲ್ಯಾಪ್‌ಟಾಪಿನ ಗುರುತೇ ಇದೆ. ಇವರದೇ ವಸ್ತು, ಇವರನ್ನೇ ಒಳಗೆ ಬಿಡ್ತಿಲ್ಲ ನೋಡಿ,” ಎಂದು ಹಿಂದೆ ನಿಂತ ನನ್ನತ್ತ ತಿರುಗಿ ನಗುತ್ತಾರೆ. ಫೈಲುಗಳ ಒಡೆತನ ಬದಲಿಸುವ ಆಜ್ಞೆಯ ಸಾಲು ಟೈಪ್ ಮಾಡಿ ಕೈ ತೆಗೆಯುತ್ತಾರೆ. ಇನ್ನು ಎಂಟರ್ ಒತ್ತುವುದೊಂದೇ ಬಾಕಿ. ಆದರೆ ಲ್ಯಾಪ್‌ಟಾಪ್ ತಂದವರು ಆ ಸಾಲನ್ನು ಗಟ್ಟಿಯಾಗಿ ಓದುವವರೆಗೆ ಅಕ್ಕ ಒತ್ತುವವರಲ್ಲ.

“ಒಂದ್ಸಲ ತಮ್ಮನ ಲ್ಯಾಪ್‌ಟಾಪಲ್ಲಿ ಓರೆಗೆರೆ ಆದ್ಮೇಲೆ ಒಂದು ಖಾಲಿ ಜಾಗ ಬಿಟ್ಟುಬಿಟ್ಟಿದ್ದೆ. ಆ ಗೆರೆ ಒಂಟಿಯಾಗಿ ನಿಂತ್ರೆ ಇಡೀ ಲ್ಯಾಪ್‌ಟಾಪು ಅಂತ ಅರ್ಥ. ಡ್ರೈವಿಗೆ ಹೇಳಿದ್ದು ಇಡೀ ಲ್ಯಾಪ್‌ಟಾಪಿಗೇ ಹೋಯ್ತು. ಅದು ಮತ್ತೆ ಏಳಲೇ ಇಲ್ಲ. ಮೂರು ತಿಂಗಳು ಮಾತು ಬಿಟ್ಟಿದ್ದ, ಪುಣ್ಯಾತ್ಮ.”

ಮಾತೇ ಬಾರದವರಿಂದ ಓದಿಸುವುದು ಹೇಗೆ? ಅಕ್ಕ ತುಸು ಯೋಚಿಸಿ ಟೀಚರ್ ಬೆರಳು ಹಿಡಿದು ಸಾಲಿನ ಆರಂಭಕ್ಕೆ ಇಡುತ್ತಾರೆ. ಬೆರಳು ಒಂದೊಂದೇ ಅಕ್ಷರ ಮುಟ್ಟುತ್ತ ಸಾಗುತ್ತದೆ, ಓರೆಗೆರೆ ದಾಟಿ ನಿಲ್ಲುತ್ತದೆ. ಟೀಚರ್ ಹುಬ್ಬೇರಿಸಿ ಅಲ್ಲೇ ಎರಡು ಸಲ ತಟ್ಟುತ್ತಾರೆ.

ಅಕ್ಕ ಪರದೆಗೆ ಮೂಗು ತಾಗುವಷ್ಟು ಬಾಗುತ್ತಾರೆ. ಗೆರೆಯ ಪಕ್ಕ ಅದೇ ಖಾಲಿ ಜಾಗ.

“ಅಯ್ಯೋ ಶಿವನೇ, ಮತ್ತೆ ಅದೇ,” ಎನ್ನುವಾಗ ಅವರ ಮುಖ ಬಿಳಿಚಿದೆ. ಜಾಗ ಅಳಿಸುತ್ತಾರೆ. ಬೆರಳು ಮತ್ತೊಮ್ಮೆ ಇಡೀ ಸಾಲು ಓದುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಎಂಟರ್. ಡ್ರೈವ್ ತೆರೆದುಕೊಳ್ಳುತ್ತದೆ. ಪರದೆಯ ಮೇಲೆ ಟೀಚರ್ ಕೈಗಳು ಪಾಠ ಶುರು ಮಾಡುತ್ತವೆ. ಈಚೆ ಕೂತ ಟೀಚರ್ ಅದೇ ಕೈಗಳಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಇನ್ನೇನು ಗ್ರಂಥಾಲಯದ ಬಾಗಿಲು ತೆಗೆಯುವ ಹೊತ್ತು. ಅಕ್ಕ ಪೊರಕೆ ಎತ್ತಿಕೊಳ್ಳುತ್ತಾರೆ.

“ಕಣ್ಣಿನ ಆಪರೇಷನ್ ಮಾಡಿಸ್ಕೋ ಅಂತ ಮಗಳು ದಿನಾ ಬೈತಾಳೆ. ಮಾಡಿಸ್ಕೋತೀನಿ. ಆದ್ರೆ ಓದಿಸೋದು ಮಾತ್ರ ಬಿಡಲ್ಲ. ‘ಓದಿ’ ಅನ್ನೋದನ್ನ ಕೈಯಲ್ಲಿ ಹೇಗೆ ಹೇಳೋದು ಅಂತ ಈ ಟೀಚರ್ ಹತ್ರ ಕಲೀಬೇಕು, ಅಷ್ಟೇ.”