ಕಿಟಕಿಯ ಸಂದಿಗೆ ಹಚ್ಚಿದ ಕಾಗದ

ಆಗಿನ ಬೇಸಿಗೆ ಸೂಟಿಗಳಿಗೆ ಒಂದೊಂದು ವಾಸನೆ ಇರುತ್ತಿತ್ತು. ನನ್ನ ಗೆಳತಿಯರನ್ನು ಕೇಳಿದರೆ ಉಪ್ಪು-ಖಾರ ಹಚ್ಚಿದ ಮಾವಿನಕಾಯಿ ಎನ್ನುತ್ತಾರೆ, ಮಾಳಿಗೆಯ ಮೇಲೆ ಒಣಗುವ ಹಪ್ಪಳ ಎನ್ನುತ್ತಾರೆ. ನಾನು ನಾಲ್ಕನೇ ಇಯತ್ತೆ ಮುಗಿಸಿದ ವರ್ಷದ ಸೂಟಿಗೆ ಮಾತ್ರ ಬಣ್ಣ ತೆಳುಮಾಡುವ ಥಿನ್ನರಿನ ವಾಸನೆ. ಆ ವಾಸನೆ ನನಗೆ ಬಹಳ ಸೇರುತ್ತಿತ್ತು. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಕುಂದಗೋಳದ ನಮ್ಮ ಮನೆಯಲ್ಲಿ ಅಪ್ಪನ ತಮ್ಮ, ನನ್ನ ಕಾಕಾ, ನಮ್ಮ ಜೊತೆಗೇ ಇದ್ದ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಹಿತ್ತಲ ಕಡೆಯ ಸಣ್ಣ ಖೋಲಿ ಅವನದು. ಮದುವೆ ಬೇಡವೆಂದವನಿಗೆ ಬೇಕಾಗಿದ್ದು ಒಂದೇ: ಮೊದಲ ಮಳೆಗೆ ಮುಂಚೆ ನಮ್ಮ ಎರೆಮಣ್ಣಿನ ಹೊಲಗಳ ಮೇಲೆ ನಿಲ್ಲುವ ಆಕಾಶವನ್ನು ಇದ್ದ ಹಾಗೆಯೇ ಬಣ್ಣದಲ್ಲಿ ತರಬೇಕು. ಬರೆಯುತ್ತಿದ್ದ, ಹರಿದು ಬಿಸಾಡುತ್ತಿದ್ದ.

"ಕುಂಚ ಎಷ್ಟ ಮೆತ್ತಂದು ತಂದ್ರೂ ಗೆರಿ ಬಿಡತೈತಿ ಸುಮ್ಮಿ. ಆಕಾಶಕ್ಕ ಎಲ್ಲೆರ ಗೆರಿ ಅದಾವೇನ ಹೇಳ?"

ಕೊನೆಗೆ ಹುಬ್ಬಳ್ಳಿಯಿಂದ ಏರ್‌ಬ್ರಶ್ ತಂದ. ಪೆನ್ನಿನಷ್ಟು ಉದ್ದದ ಉಕ್ಕಿನ ಸಾಮಾನು, ಮೇಲೆ ಒಂದು ಪುಟ್ಟ ಬಟ್ಟಲು. ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಬ್ರಶ್ ಏನೋ ಬಂತು, ಅದಕ್ಕೆ ಗಾಳಿ ಎಲ್ಲಿಂದ ತರುವುದು? ಆ ಸೂಟಿಯ ಅರ್ಧ ನಾವಿಬ್ಬರೂ ಗಾಳಿ ಹುಡುಕುವುದರಲ್ಲೇ ಕಳೆದೆವು.

ಮೊದಲು ಟ್ರ್ಯಾಕ್ಟರಿನ ಹಳೆಯ ಟ್ಯೂಬು. ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಿ ಓಣಿಯುದ್ದ ಉರುಳಿಸಿಕೊಂಡು ಬರುತ್ತಿದ್ದೆವು. ಕಟ್ಟೆಯ ಮೇಲೆ ಕೂತವರು, "ಮಾಸ್ತರ, ಟ್ರ್ಯಾಕ್ಟರ್ ಎಲ್ಲೆ ಬಿಟ್ಟ ಬಂದ್ರಿ?" ಎಂದು ಕಾಲೆಳೆಯುತ್ತಿದ್ದರು. ಹತ್ತು ನಿಮಿಷಕ್ಕೆ ಗಾಳಿ ಸೋತು ಬಣ್ಣ ಹನಿಹನಿಯಾಗಿ ಸಿಡಿಯುತ್ತಿತ್ತು. ಆಗ ನಾನು ಟ್ಯೂಬಿನ ಮೇಲೆ ಹತ್ತಿ ಕುಣಿಯಬೇಕು. ಅಂಥ ಆಟ ನನಗೆ ಮತ್ತೆಂದೂ ಸಿಗಲಿಲ್ಲ.

ಆಮೇಲೆ ಅದೇ ಅಂಗಡಿಯ ಹಳೆಯ ಕಂಪ್ರೆಸರನ್ನು ಎರವಲು ತಂದ. ಅದು ಡಬಡಬ ಎಂದು ಗೋಡೆ ನಡುಗಿಸಿತು. ಆ ಗೋಡೆಯ ಆಚೆಗೆ ಗೋದಾಬಾಯಿಯವರ ಮನೆ. ಅವರು ಗಾಯನ ಕಲಿಸುತ್ತಿದ್ದರು. ಮುಂಜಾನೆ ಅವರ ರಿಯಾಜ್ ಮುಗಿಯುವ ತನಕ ನಮ್ಮ ಓಣಿಯಲ್ಲಿ ಯಾರೂ ಮೆಣಸಿನಕಾಯಿ ಹುರಿಯುತ್ತಿರಲಿಲ್ಲ; ಘಾಟಿಗೆ ಅವರ ಗಂಟಲು ಕಟ್ಟೀತು ಎಂದು. ಯಾರೂ ಮಾಡಿದ ಕಾಯಿದೆಯಲ್ಲ, ಹಾಗೇ ನಡೆದುಬಂದಿತ್ತು. ಅಂಥ ಓಣಿಯಲ್ಲಿ ನಮ್ಮದು ಈ ಡಬಡಬ.

ಬಾಯಿಯವರು ಹಿತ್ತಲ ಗೋಡೆಯ ಮೇಲಿಂದ ಇಣುಕಿ, "ಮಾಸ್ತರ, ನನ್ನ ಷಡ್ಜ ಎಲ್ಲಿ ಹೋತು ಅಂತ ಮುಂಜಾನಿಂದ ಹುಡುಕ್ಲಿಕ್ಕತ್ತೀನಿ, ನಿಮ್ಮ ಕಡೆ ಏನರ ಬಂದದೇನ್ರಿ?" ಎಂದರು. ಕಾಕಾ ಕೈಮುಗಿದ. ಕಂಪ್ರೆಸರ್ ಅವತ್ತೇ ಅಂಗಡಿಗೆ ಮರಳಿತು.

ಕಡೆಗೆ ದಾರಿ ತೋರಿಸಿದವರು ಫ್ರಿಜ್ ರಿಪೇರಿಯ ರಫೀಕ್ ಚಾಚಾ. ಗುಜರಿ ಫ್ರಿಜ್ಜಿನ ಕಂಪ್ರೆಸರ್, ಲಾರಿಯ ಗಾಳಿ ಟ್ಯಾಂಕು, ಒತ್ತಡ ತೋರಿಸುವ ಮೀಟರ್ ಎಲ್ಲ ಕೂಡಿಸಿ ಒಂದು ಹಲಗೆಗೆ ಬಿಗಿದು ಕೊಟ್ಟರು.

"ಇದು ಆವಾಜ್ ಮಾಡಂಗಿಲ್ರಿ ಮಾಸ್ತರ. ಆದ್ರ ಗಾಳಿ ಜೋಡಿ ನೀರು, ಎಣ್ಣಿ ಉಗುಳತೈತಿ. ಈ ಗಾಜಿನ ಬಟ್ಟಲ ಹಾಕೀನಿ, ಹೊಲಸೆಲ್ಲಾ ಇದರಾಗ ನಿಂದರತೈತಿ. ಬ್ರಶ್ಶಿಗೆ ಅಗದಿ ಸ್ವಚ್ಛ ಗಾಳಿ ಹೋಗಬೇಕು ನೋಡ್ರಿ." ಹೊರಡುವಾಗ ಬಾಗಿಲಲ್ಲಿ ನಿಂತು, "ಕಿಟಕಿ ತಗದ ಹೊಡೀರಿ ಮತ್ತ" ಎಂದರು.

ಅದು ನಿಜವಾಗಿಯೂ ಸದ್ದು ಮಾಡಲಿಲ್ಲ, ಬರೀ ಗುಂಯ್ ಎನ್ನುತ್ತಿತ್ತು. ಕಾಕಾ ಗಾಡಿಗಳಿಗೆ ಹೊಡೆಯುವ ಬಣ್ಣ ತಂದು, ಗಟ್ಟಿಯಾಗಲೆಂದು ಹಾರ್ಡನರ್ ಬೆರೆಸಿ, ಮೂಗಿಗೆ ಒದ್ದೆ ದಸ್ತಿ ಕಟ್ಟಿಕೊಂಡು ಶುರುಮಾಡಿದ. ಎರಡನೇ ದಿನ ಗೋಡೆಯಾಚೆ ಆಲಾಪ ನಡುವೆಯೇ ಮುರಿಯಿತು. ಬಾಯಿಯವರು ಕೆಮ್ಮಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕೆಮ್ಮಿದರು. ಈ ಸಲ ಅವರು ಗೋಡೆಯ ಹತ್ತಿರ ಬರಲಿಲ್ಲ. ಅದಕ್ಕೇ ಕಾಕಾನ ಮುಖ ಸಣ್ಣದಾಯಿತು.

"ನನ್ನ ಹುಚ್ಚಿಗೆ ಅವರ ಗಂಟಲಾ ಯಾಕ ಹಾಳಾಗಬೇಕು? ಕಿಟಕಿ ಮುಚ್ಚೂಣು ಸುಮ್ಮಿ."

ಅವ್ವನಿಂದ ಮೈದಾಹಿಟ್ಟು ಇಸಿದುಕೊಂಡು ಅಂಟು ಕಾಸಿದೆ. ಹಳೆಯ ಪೇಪರನ್ನು ಪಟ್ಟಿ ಪಟ್ಟಿಯಾಗಿ ಹರಿದು ಕಿಟಕಿಯ ಸಂದಿಗಳಿಗೆಲ್ಲ ಹಚ್ಚಿದೆ. ಒಂದು ಪದರ ಸಾಲದೆಂದು ಅದರ ಮೇಲೆ ಇನ್ನೊಂದು. ಹೊರಗೆ ಹೋಗಿ ಚೌಕಟ್ಟಿಗೆ ಮೂಗು ಹಚ್ಚಿ ನೋಡಿದೆ. ಚೂರೂ ವಾಸನೆ ಬರಲಿಲ್ಲ. ಆ ದಿನ ನಾನು ಎಷ್ಟು ಬೀಗಿದ್ದೆನೆಂದರೆ, ಚೌಕಾಬಾರಾ ಆಟಕ್ಕೆ ಕರೆಯಲು ಬಂದ ಗೆಳತಿಯರನ್ನು ಕರೆದುಕೊಂಡು ಹೋಗಿ ಕಿಟಕಿ ತೋರಿಸಿದೆ.

ಕಾಕಾನ ಆಕಾಶ ಬಂತು. ಮಣ್ಣಿನ ಅಂಚಿನ ಕೆಂಪು ಯಾವಾಗ ಬೂದಿಯಾಯಿತು, ಬೂದಿ ಯಾವಾಗ ಕಪ್ಪಾಯಿತು ತಿಳಿಯದ ಹಾಗೆ. ಹುಡುಕಿದರೂ ಒಂದು ಗೆರೆ ಸಿಗಲಿಲ್ಲ. ಬಾಗಿಲು ತೆರೆದು ಹೊರಬಂದಾಗ ಅವನ ಕಣ್ಣುಗಳು ಕೆಂಪಗಿದ್ದವು, ಎದೆ ಸೀಟಿಯಂತೆ ಕುಯ್ಗುಡುತ್ತಿತ್ತು. "ಧೂಳ" ಎಂದ. ಎರೆ ನಾಡಿನಲ್ಲಿ ಬೇಸಿಗೆಯ ಕೆಮ್ಮಿಗೆ ಎಲ್ಲರೂ ಹೇಳುವುದು ಅದನ್ನೇ. ನಾವೂ ನಂಬಿದೆವು. ಮುಂದೆ ಅವನು ಬಣ್ಣ ಹೊಡೆಯುತ್ತಲೇ ಇದ್ದ ಏಳೆಂಟು ವರ್ಷ ಆ ಕಿಟಕಿಯನ್ನು ತೆರೆಯಲಿಲ್ಲ. ಪೇಪರ್ ಕಿತ್ತುಬಂದಾಗಲೆಲ್ಲ ನಾನೇ ಹೊಸದನ್ನು ಹಚ್ಚಿದೆ.

ಬಹಳ ವರ್ಷಗಳ ಮೇಲೆ ಹುಬ್ಬಳ್ಳಿಯ ಡಾಕ್ಟರು ಕಾಕಾನ ಎದೆಯ ಎಕ್ಸ್‌ರೇ ನೋಡಿ, "ಏನ ಕೆಲಸ ಮಾಡತಿದ್ರಿ?" ಎಂದು ಕೇಳುವಷ್ಟರಲ್ಲಿ ಬಹಳ ತಡವಾಗಿತ್ತು. ಬಣ್ಣದ ವಿಷಯ ಹೇಳಿದೆವು. ಅದರಿಂದಲೇ ಎನ್ನಲು ಬರುವುದಿಲ್ಲ, ಅದರಿಂದಲ್ಲ ಎನ್ನಲೂ ಬರುವುದಿಲ್ಲ ಎಂದರು. ಆಮೇಲೆ, ಖೋಲಿಗೆ ಕಿಟಕಿ ಇತ್ತೋ ಇಲ್ಲವೋ ಎಂದು ಕೇಳಿದರು. "ಇತ್ರಿ" ಎಂದಷ್ಟೇ ಹೇಳಿದೆ.

ಹೋದ ತಿಂಗಳು ಕಾಕಾನಿಗೆ ಆಕ್ಸಿಜನ್ ಯಂತ್ರ ಕೊಳ್ಳಲು ಹೋದವಳು ನಾನೇ. ನಿಮಿಷಕ್ಕೆ ಎಷ್ಟು ಗಾಳಿ, ನಳಿಕೆ ಎಷ್ಟು ಉದ್ದ, ಫಿಲ್ಟರ್ ಎಂಥದು, ಎಲ್ಲ ಕೇಳಿ ಆರಿಸಿದೆ. ಅದೇ ಖೋಲಿಯಲ್ಲಿ ಇಟ್ಟು ಶುರುಮಾಡಿದರೆ ಅದೂ ಗುಂಯ್ ಎಂದಿತು. ಕಾಕಾ ಎರಡೆರಡೇ ಮಾತಿಗೆ ಉಸಿರು ನಿಲ್ಲಿಸುತ್ತ, "ಬಾಯಿಯವರಿಗೆ... ತ್ರಾಸ ಆಗಂಗಿಲ್ಲಲಾ?" ಎಂದ.

ಗೋದಾಬಾಯಿಯವರು ತೀರಿಕೊಂಡು ವರ್ಷಗಳಾದವು. ಅವರ ಮನೆಗೆ ಬೀಗ ಬಿದ್ದಿದೆ. ಓಣಿಯಲ್ಲಿ ಈಗ ಯಾರು ಬೇಕಾದರೂ ಯಾವಾಗ ಬೇಕಾದರೂ ಮೆಣಸಿನಕಾಯಿ ಹುರಿಯುತ್ತಾರೆ. ಆಕಾಶದ ಚಿತ್ರ ಬೂಷ್ಟು ಹಿಡಿದು ಅಟ್ಟ ಸೇರಿದೆ. ನಾನು ಕಿಟಕಿ ತೆರೆಯಹೋದೆ. ಚೌಕಟ್ಟಿಗೆ ನನ್ನ ಪೇಪರಿನ ಚೂರುಗಳು ಇನ್ನೂ ಕಚ್ಚಿಕೊಂಡಿದ್ದವು. ಉಗುರಿನಿಂದ ಕೆರೆದೆ, ಬರಲಿಲ್ಲ.

"ಕಾಕಾ, ಈ ಕಿಟಕಿ ನಾನ ಮುಚ್ಚಿದ್ದೆ."

ಅವನು ಕಣ್ಣು ತೆರೆದು ಚೌಕಟ್ಟನ್ನು ನೋಡಿದ. ಚಿತ್ರ ತಿದ್ದುವ ಮಾಸ್ತರನ ಹಾಗೆಯೇ ನೋಡಿದ.

"ಭಾಳ ಚೊಲೋ ಹಚ್ಚಿದ್ದಿ ಬೇ" ಎಂದ. "ಒಂದ ಸಂದಿ ಸೈತ ಬಿಟ್ಟಿರಲಿಲ್ಲ."