ಬೊಳ್ಳಿಯ ಕಿವಿಗೆ ಹಾಕದ ಎಣ್ಣೆ

ನಡೆದದ್ದು ಹೀಗೆಯೇ ಎಂದು ಆಣೆಯಿಟ್ಟು ಹೇಳಲಾರೆ. ಆ ಮಾತನ್ನು ಅಮ್ಮ ನಿಜವಾಗಿ ಆಡಿದಳೋ, ಅವಳು ಹೋದ ಮೇಲೆ ನಾನೇ ಅವಳ ಬಾಯಲ್ಲಿ ಇಟ್ಟೆನೋ ಎಂಬ ಅನುಮಾನ ಇನ್ನೂ ಇದೆ. ಆಡಿದ್ದರೂ ತುಳುವಿನಲ್ಲಿ ಆಡಿರಬೇಕು. ನನ್ನ ನೆನಪಿನಲ್ಲಿ ಅದು ಕನ್ನಡದಲ್ಲಿದೆ. ಸಾಕ್ಷಿಯನ್ನು ಸುಲಭವಾಗಿ ನಂಬಬೇಡ ಎಂದು ವಿಶ್ವವಿದ್ಯಾಲಯ ಕಲಿಸಿತು. ಸಾಕ್ಷಿ ನಾನೇ ಆದಾಗ ಏನು ಮಾಡಬೇಕೆಂದು ಕಲಿಸಲಿಲ್ಲ.

ಮೊನ್ನೆ ನೆರೂಳಿನ ನಮ್ಮ ಮನೆಯ ಕೆಳಗಿನ ಫ್ಲ್ಯಾಟಿನಿಂದ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯುವ ವಾಸನೆ ಬಂತು. ನಿಮಗಾದರೆ ಊಟ ನೆನಪಾಗುತ್ತಿತ್ತು. ನನಗೆ ನೆನಪಾದದ್ದು ಕಿವಿ.

ಅಮ್ಮ ಇದ್ದಾಗ ಡೊಂಬಿವಲಿಯಲ್ಲಿ ನಮ್ಮ ಮನೆ ರೈಲು ಹಳಿಗೆ ಅಂಟಿಕೊಂಡಂತಿತ್ತು. ಫಾಸ್ಟ್ ಲೋಕಲ್ ಹೋದಾಗಲೆಲ್ಲ ಶೋಕೇಸಿನ ಗಾಜಿನ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಬಂದ ನೆಂಟರಿಗೆ ನಿದ್ದೆಯಿಲ್ಲ. ಅಮ್ಮ ಮಾತ್ರ ಬಲಗೆನ್ನೆಯನ್ನು ದಿಂಬಿಗೆ ಒತ್ತಿದರೆ ಆಯಿತು, ಅಲ್ಲೇ ನಿದ್ದೆ. ಕೇಳಿದರೆ, “ಅಭ್ಯಾಸ ಮಾರಾಯ, ಎಂತ ಮಾಡುವುದು?” ಎನ್ನುತ್ತಿದ್ದಳು.

ಆ ಬಿಲ್ಡಿಂಗಿಗೆಲ್ಲ ಕಿವಿಯ ವೈದ್ಯೆ ಅವಳೇ. ಒಗ್ಗರಣೆ ಸೌಟಿನಲ್ಲಿ ತೆಂಗಿನೆಣ್ಣೆ, ಜಜ್ಜಿದ ಬೆಳ್ಳುಳ್ಳಿ. ಆರಿಸಿ, ತನ್ನ ಮುಂಗೈಗೆ ಬಿಟ್ಟು ನೋಡಿ, ಆಮೇಲೆ ಕಿವಿಗೆ. ಮರಾಠಿಯವರು, ಗುಜರಾತಿಯವರು, ಎಲ್ಲರೂ ತಲೆ ಓರೆ ಮಾಡಿಕೊಂಡು ಬರುತ್ತಿದ್ದರು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ನನಗೆ ಇದು ಕಣ್ಣಿಗೆ ಬಿದ್ದ ಕಸದ ಹಾಗೆ ಕಿರಿಕಿರಿ.

“ಕಿವಿ ಎಂದರೆ ದೀಪವಾ ಅಮ್ಮ, ಎಣ್ಣೆ ಹೊಯ್ಯಲಿಕ್ಕೆ?”

“ನಿನ್ನದಕ್ಕೆ ಹೊಯ್ದದ್ದಕ್ಕೇ ಪಾಠ ತಲೆಗೆ ಹತ್ತಿದ್ದು. ಸುಮ್ಮನೆ ಕೂತುಕೋ.”

ಬೊಳ್ಳಿ ನಮ್ಮ ಬೆಕ್ಕು. ತುಳುವಿನಲ್ಲಿ ಬೊಳ್ಳಿ ಎಂದರೆ ಬೆಳ್ಳಿ, ಬಣ್ಣವೂ ಹಾಗೆಯೇ. ಅದು ಹೊಸಿಲು ದಾಟಿದ್ದೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ, ನಾನು ಆಫೀಸಿಗೆ ಹೋದರೆ ಅಮ್ಮನಿಗೆ ಹಗಲೆಲ್ಲ ಮಾತಿಗೆ ಅದೊಂದೇ. ಒಮ್ಮೆ ಅಮ್ಮ ಮೆಟ್ಟಿಲ ಕೆಳಗೆ ಸಿಕ್ಕ ಮರಿಯೊಂದನ್ನು ಕೆಲವು ದಿನ ಮನೆಯಲ್ಲಿಟ್ಟುಕೊಂಡು, ಆಮೇಲೆ ಯಾರಿಗೋ ಕೊಟ್ಟಳು. ಅದು ಹೋದ ಮೇಲೆ ಬೊಳ್ಳಿ ಕಿವಿ ಕೆರೆದುಕೊಳ್ಳತೊಡಗಿತು. ಕಿವಿಯೊಳಗೆ ಕಾಫಿಪುಡಿ ಚೆಲ್ಲಿದ ಹಾಗೆ ಕಪ್ಪು. ಮನೆಯೊಳಗಿನ ಬೆಕ್ಕಿಗೆ ಎಂಥ ರೋಗ ಎಂದು ನನ್ನ ಪ್ರಾಣಿಶಾಸ್ತ್ರ ತೀರ್ಪು ಕೊಟ್ಟಿತು. ಬರಬರುತ್ತ ಅದು ತಲೆ ಒದರುವುದು ಹೆಚ್ಚಾಯಿತು. ಕೊನೆಗೆ ತಲೆಯನ್ನು ಒಂದೇ ಪಕ್ಕಕ್ಕೆ ವಾಲಿಸಿಕೊಂಡು, ಕರೆದರೆ ತಿರುಗದೆ, ಕಿಟಕಿಯ ಕೆಳಗೆ ಕೂತುಬಿಟ್ಟಿತು.

ಆ ಸಂಜೆ ನಾನು ಆಫೀಸಿನಿಂದ ಬಂದಾಗ ಮನೆಯಲ್ಲಿ ಬೆಳ್ಳುಳ್ಳಿ ಎಣ್ಣೆಯ ವಾಸನೆ. ಕೆಳಮಹಡಿಯ ಶಾಂತಕ್ಕ, ವಿಜಯಪುರದವರು, ಆಗಷ್ಟೇ ಕಿವಿಗೆ ಎಣ್ಣೆ ಹಾಕಿಸಿಕೊಂಡು ಹತ್ತಿ ತುರುಕಿಕೊಂಡು ಕೂತಿದ್ದರು.

“ಯಕ್ಕಾ, ಸೌಟಿನ್ಯಾಗ ಇನ್ನಾ ಉಳದೈತಲ್ರೀ. ಆ ಮೂಕ ಪ್ರಾಣಿಗೂ ಎರಡ ಹನಿ ಬಿಡ್ರೆಲ್ಲಾ. ನಮಗ ನಾಟೂದು ಅದಕ್ಕ ನಾಟಂಗಿಲ್ಲೇನು?”

ನಾನು ಚೀಲ ಕೆಳಗಿಡದೆಯೇ ಭಾಷಣಕ್ಕೆ ಸಿದ್ಧನಾದೆ. ಅಮ್ಮ ಸೌಟು ಹಿಡಿದು ಬೊಳ್ಳಿಯ ಪಕ್ಕ ಕೂತಳು. ಕಿವಿಯನ್ನು ಹಿಂದಕ್ಕೆ ಮಡಚಿ, ಮೂಗು ಹತ್ತಿರ ಒಯ್ದು ಮೂಸಿದಳು. ಒಳಗೆ ಒದ್ದೆಯಾಗಿತ್ತು. ಸೌಟನ್ನು ಅಲ್ಲೇ ನೆಲದ ಮೇಲಿಟ್ಟಳು.

“ಇದಕ್ಕೆ ಬೇಡ. ನೋಯುವ ಕಿವಿಗೆ ಎಣ್ಣೆ ಉಂಟು. ಸೋರುವ ಕಿವಿಗೆ ಇಲ್ಲ.”

ನನ್ನ ಭಾಷಣ ಚೀಲದಲ್ಲೇ ಉಳಿಯಿತು.

ಮರುದಿನ ಬೊಳ್ಳಿಯನ್ನು ಮುಚ್ಚಳದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕೂರಿಸಿಕೊಂಡು ಕಲ್ಯಾಣದ ಲೋಕಲ್ ಹತ್ತಿದೆವು. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು, “ಮಾವಶಿ, ಬುಟ್ಟಿಯಲ್ಲಿ ಮೀನಾ?” ಎಂದು ಕೇಳಿದಳಂತೆ, ಅಮ್ಮ, “ಅಲ್ಲ, ಮೀನು ತಿನ್ನುವವಳು” ಎಂದಳಂತೆ. ಇದು ಅಮ್ಮನ ವರದಿ. ನಾನು ಜನರಲ್ ಡಬ್ಬಿಯಲ್ಲಿದ್ದೆ.

ಕಲ್ಯಾಣದ ಪಶುವೈದ್ಯರು ಮರಾಠಿಯವರು. ದೀಪದ ಕೊಳವೆಯನ್ನು ಬೊಳ್ಳಿಯ ಕಿವಿಗೆ ಹಿಡಿದು, ಅಮ್ಮನ ಎಡಕ್ಕೆ ನಿಂತು ಹಿಂದಿಯಲ್ಲಿ ಏನೋ ಕೇಳಿದರು. ಅಮ್ಮ ಉತ್ತರಿಸಲಿಲ್ಲ. ರಸ್ತೆಯ ಗದ್ದಲ ಅಂದುಕೊಂಡೆ. ಅವರು ಈಚೆ ಬಂದು ಮತ್ತೆ ಕೇಳಿದರು: “ಆಜೀ, ಕಾನ್ ಮೇ ಕುಛ್ ಡಾಲಾ ತೋ ನಹೀಂ?”

“ಕುಛ್ ನಹೀಂ ಡಾಲಾ,” ಕಿವಿಗೆ ಏನೂ ಹಾಕಿಲ್ಲ ಎಂದಳು ಅಮ್ಮ, ಮೊದಲ ರ‍್ಯಾಂಕ್ ಬಂದವಳ ಹಾಗೆ.

“ಬಹುತ್ ಅಚ್ಛಾ ಕಿಯಾ.” ಮರಿಯಿಂದ ಹತ್ತಿದ ಕಿವಿಹುಳ, ಅದರ ಮೇಲೆ ಕೀವು, ಕಿವಿಯ ತಮಟೆಯಲ್ಲಿ ತೂತು. ಎಣ್ಣೆ ಬಿಟ್ಟಿದ್ದರೆ ತೂತಿನಿಂದ ಒಳಕಿವಿಗೇ ಇಳಿಯುತ್ತಿತ್ತು, ಬೆಕ್ಕು ನಡೆಯಲಾಗದೆ ಉರುಳುತ್ತಿತ್ತು. ಬೆಳ್ಳುಳ್ಳಿಯಂತೂ ಬೆಕ್ಕಿಗೆ ವಿಷ ಎಂದರು. ಹುಳಕ್ಕೆ ಕತ್ತಿನ ಚರ್ಮದ ಮೇಲೆ ಬಿಡುವ ಔಷಧಿ, ಕೀವಿಗೆ ಬಾಯಿಗೆ ಮಾತ್ರೆ; ಹೊರಗೆ ಬಂದದ್ದನ್ನು ಮಾತ್ರ ಹತ್ತಿಯಿಂದ ಒರೆಸಬೇಕು, ಕಡ್ಡಿ ತೂರಿಸಕೂಡದು, ತಾವು ಹೇಳುವವರೆಗೆ ಕಿವಿಯೊಳಗೆ ಒಂದು ಹನಿಯೂ ಬೀಳಕೂಡದು. ಕೊಟ್ಟ ಮರಿಗೂ ಅದೇ ಔಷಧಿ ಬೇಕೆಂದರು. ಅಮ್ಮ ಅದನ್ನೂ ಹುಡುಕಿಸಿ ಕೊಡಿಸಿದಳು.

ಮಾತ್ರೆಯ ಹೊತ್ತಿಗೆ ಅವಳು ಬೊಳ್ಳಿಯನ್ನು ಹಳೆಯ ಟವೆಲಿನಲ್ಲಿ ಮೂಡೆ ಕಡುಬಿನ ಎಲೆ ಸುತ್ತಿದ ಹಾಗೆ ಸುತ್ತುತ್ತಿದ್ದಳು. ತಲೆ ಮಾತ್ರ ಹೊರಗೆ. ಪರಚಿಸಿಕೊಂಡವನು ಟವೆಲಿನ ತುದಿ ಹಿಡಿಯುತ್ತಿದ್ದ ನಾನು. ವಾಲಿದ ತಲೆ ಮೆಲ್ಲಗೆ ನೆಟ್ಟಗಾಯಿತು. ಒಂದು ಬೆಳಿಗ್ಗೆ ಅಮ್ಮ ಅದರ ಬೆನ್ನ ಹಿಂದೆ, ಕೆಟ್ಟಿದ್ದ ಕಿವಿಯ ಕಡೆ ನಿಂತು, ಒಣಸಿಗಡಿಯ ಪೊಟ್ಟಣವನ್ನು ಮೆತ್ತಗೆ ಚರಚರ ಎನಿಸಿದಳು. ಬೊಳ್ಳಿಯ ಆ ಕಿವಿ ಮೊದಲು ತಿರುಗಿತು, ಆಮೇಲೆ ಬೊಳ್ಳಿ. ಅಮ್ಮ ಕುಣಿಯಲಿಲ್ಲ, ಅಳಲಿಲ್ಲ. “ಕೇಳ್ತದೆ,” ಎಂದಳು. ಇಡೀ ಬಿಲ್ಡಿಂಗಿಗೆ ಎಣ್ಣೆ ಹಾಕಿದವಳು ಒಂದು ಕಿವಿಗೆ ಹಾಕದೆ ಬಿಟ್ಟದ್ದನ್ನು ನಾನು ಆಫೀಸಿನಲ್ಲಿ ಹೇಳದವರಿಲ್ಲ. ಈಗಲೂ ಹೇಳುತ್ತೇನೆ, ನೋಡಿ.

ಮೊನ್ನೆ ವಾಸನೆ ಬಂದಾಗ ಕೆಳಗೆ ಹೋಗಿ ಬೆಲ್ ಒತ್ತಿದೆ. “ಯಾರಿಗೆ ಕಿವಿನೋವು? ಸೋರುತ್ತಿದೆಯಾ?” ಎಂದು ಹಿಂದಿಯಲ್ಲಿ ಕೇಳಿದೆ. ಮನೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಂಕಲ್, ಚಟ್ನಿ ಹೈ,” ಎಂದಳು.

ಮೆಟ್ಟಿಲು ಹತ್ತುವಾಗ ಹೊಳೆಯಿತು: ಸೋರುವ ಕಿವಿಗೆ ಎಣ್ಣೆ ಬೇಡವೆಂದು ಅಮ್ಮ ಎಲ್ಲಿ ಕಲಿತಳೆಂದು ನಾನು ಕೇಳಿಯೇ ಇರಲಿಲ್ಲ. ಕಾರ್ಕಳದ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಸಾಕ್ಷಿಗೆ ಉತ್ತರ ಹೇಳಿಕೊಡಬಾರದಲ್ಲ. ಅಮ್ಮನಿಗೆ ಚಿಕ್ಕಂದಿನಲ್ಲಿ ಕಿವಿಯದು ಏನಾದರೂ ಇತ್ತೇ ಎಂದಷ್ಟೇ ಕೇಳಿದೆ.

“ಇತ್ತಲ್ಲ ಮಗಾ. ಸೋರ್ತಿತ್ತು. ಅಜ್ಜಿ ಬೆಳ್ಳುಳ್ಳಿ ಎಣ್ಣೆ ಹೊಯ್ದದ್ದು. ಮತ್ತೆ ಆ ಕಿವಿ ಕೇಳ್ಲೇ ಇಲ್ಲ. ನಿಮಗೆ ಹೇಳಿರ್ಲಿಲ್ವಾ ಅವಳು?”

ಹಳಿಯ ಪಕ್ಕದ ಆ ಮನೆ, ದಿಂಬಿಗೆ ಒತ್ತಿದ ಬಲಗೆನ್ನೆ ಕಣ್ಣಿಗೆ ಬಂದವು. ಕೇಳುವ ಕಿವಿ ಕೆಳಗೆ.

ಬೊಳ್ಳಿಯ ಪಕ್ಕ ಕೂತು ಅಮ್ಮ ಆಡಿದ ಮಾತಿಗೆ ಇಂದಿಗೂ ಸಾಕ್ಷಿಯಿಲ್ಲ. ಆದರೆ ಯಾವ ಕಿವಿ ಎಂದು ದೊಡ್ಡಮ್ಮನಲ್ಲಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡಿದ್ದೇನೆ: ಎಡದ್ದು.